ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಪೌಡರ್ ಕೋಟಿಂಗ್ ಗನ್ ದುರಸ್ತಿ ಮತ್ತು ಎರಕದ ಗುಂಡುಗಳ ಮೇಲಿನ ಏರುಪೇರು ಲೇಪನ

ಓವನ್ ಬಾಗಿಲು ತೆಗೆದು ಟ್ರೇ ಎಳೆದೆ. ನಲವತ್ತು ಸೀಸದ ಗುಂಡುಗಳಲ್ಲಿ ಮೂವತ್ತು ಅರ್ಧ ಕೆಂಪು, ಅರ್ಧ ಬೂದು. ಗನ್ನಿಗೆ ಮುಖ ಮಾಡಿದ್ದ ಬದಿಯಲ್ಲಿ ಬಣ್ಣ ದಪ್ಪಗೆ ಕೂತಿತ್ತು, ಹಿಂಬದಿ ಬೋಳು. ಮೀನು ಹಿಡಿಯುವ ಗಾಳದ ದಾರಕ್ಕೆ ಕಟ್ಟಲೆಂದು ನಾನೇ ಅಚ್ಚಿನಲ್ಲಿ ಎರೆದ ಗುಂಡುಗಳವು. ಒಣ ಬಣ್ಣದ ಪುಡಿಗೆ ಚಾರ್ಜ್ ಕೊಟ್ಟು ಗನ್ನಿನಿಂದ ಲೋಹದ ಮೇಲೆ ಕೂರಿಸಿ, ಓವನ್ನಿನಲ್ಲಿ ಬೇಯಿಸಿ ಗಟ್ಟಿ ಮಾಡುವುದೇ ಪೌಡರ್ ಕೋಟಿಂಗ್. ಗನ್ನಿನ ಹೈವೋಲ್ಟೇಜ್ ಭಾಗ ಸತ್ತಿದೆ ಎಂದುಕೊಂಡು ಅದನ್ನೇ ಹೊಸದು ತರಿಸಿ ಹಾಕಿದೆ. ಮುಂದಿನ ಟ್ರೇಯೂ ಹಾಗೇ ಬಂತು. ಕೊನೆಗೆ ಸಿಕ್ಕಿಬಿದ್ದದ್ದು ಗುಂಡುಗಳನ್ನು ನೇತುಹಾಕಿದ್ದ ತಂತಿ ಕೊಕ್ಕೆ. ಹತ್ತಾರು ಸಲ ಬಳಸಿ ಬಳಸಿ ಅದರ ಮೇಲೆ ಬಣ್ಣದ ಪದರ ಬೆಳೆದು, ಕೊಕ್ಕೆಗೂ ಗುಂಡಿಗೂ ನಡುವೆ ಕರೆಂಟು ಹರಿಯುವ ದಾರಿಯೇ ಮುಚ್ಚಿಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನನ್ನ ದುರಸ್ತಿ.

ಅಂದಿನಿಂದ ಗನ್ ಬಿಚ್ಚುವುದು ನನ್ನ ಪಟ್ಟಿಯಲ್ಲಿ ಕಡೆಯ ಕೆಲಸ. ಅರ್ಥಿಂಗ್, ಗಾಳಿ, ಪುಡಿ, ಪುಡಿ ಎಳೆಯುವ ಪಂಪು, ಗನ್ನಿನ ಬಾಯಲ್ಲಿ ಚಾರ್ಜ್ ಚೆಲ್ಲುವ ಸೂಜಿ, ಎಲ್ಲ ಮುಗಿದ ಮೇಲೆ ಹೈವೋಲ್ಟೇಜ್. ಈ ಲೇಖನವೂ ಅದೇ ಕ್ರಮದಲ್ಲಿದೆ. ನನ್ನ ಉದಾಹರಣೆಗಳು ಸೀಸದ ಗುಂಡಿನವು. ಸತು, ಅಲ್ಯೂಮಿನಿಯಂ ಎರಕದ ಸಣ್ಣ ಭಾಗಗಳಿಗೆ ಬೇರೆ ಎಚ್ಚರ ಬೇಕಾದ ಕಡೆ ಅಲ್ಲಲ್ಲೇ ಹೇಳಿದ್ದೇನೆ.

ಕೈ ಹಾಕುವ ಮೊದಲು

ಗನ್ನಿನ ಪ್ಲಗ್ ಕಿತ್ತು, ಗಾಳಿ ಪೈಪ್ ಬಿಚ್ಚಿ, ಒಳಗೆ ಉಳಿದ ಒತ್ತಡವನ್ನು ಟ್ರಿಗರ್ ಒತ್ತಿ ಹೊರಬಿಡಿ. ಪ್ಲಗ್ ಕಿತ್ತ ಮೇಲೂ ಸೂಜಿಯಲ್ಲಿ ಒಂದಿಷ್ಟು ಚಾರ್ಜ್ ಉಳಿದಿರಬಹುದು. ಸೂಜಿಯ ತುದಿಯನ್ನು ಅರ್ಥ್ ಆದ ಲೋಹಕ್ಕೆ ಕೆಲವು ಸೆಕೆಂಡು ತಾಗಿಸಿ, ಆಮೇಲೆ ಮುಟ್ಟಿ. ಇದರಲ್ಲಿ ಹರಿಯುವ ಕರೆಂಟು ಮೈಕ್ರೋಆಂಪ್ ಲೆಕ್ಕದ್ದು, ಹೊಡೆತ ದೊಡ್ಡದಲ್ಲ. ಆದರೆ ಬೆಚ್ಚಿ ಕೈ ಎಳೆದುಕೊಂಡಾಗ ಮೊಣಕೈ ಹೋಗಿ ಬಡಿಯುವುದು ಓವನ್ನಿಗೆ.

ಗಾಳಿಯಲ್ಲಿ ತೇಲುವ ಪುಡಿಗೆ ಬೆಂಕಿ ಹತ್ತುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ ಕೆಲವು ಹತ್ತು ಗ್ರಾಂ ಪುಡಿ ಇದ್ದರೂ ಕಿಡಿ ತಾಗಿದರೆ ಸ್ಫೋಟ ಆಗಬಹುದು. ಆದ್ದರಿಂದ ಪುಡಿ ಹೊಡೆಯುವ ಜಾಗ ಮತ್ತು ಓವನ್ ಅಕ್ಕಪಕ್ಕ ಬೇಡ, ಗಾಳಿ ಹೊರಹೋಗುವ ವ್ಯವಸ್ಥೆ ಬೇಕು. ಚೆಲ್ಲಿದ ಪುಡಿಯನ್ನು ಮನೆಯ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಬೇಡಿ. ಅದರ ಮೋಟರಿನ ಬ್ರಷ್ಷು ಕಿಡಿ ಹಾರಿಸುತ್ತದೆ.

ಇನ್ನು ಸೀಸ. ಕೈಗವಸು ಹಾಕಿ, ಕೆಲಸದ ನಡುವೆ ಏನನ್ನೂ ಬಾಯಿಗೆ ಹಾಕಬೇಡಿ, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕೋಟಿಂಗಿಗೆ ಬಳಸಿದ ಓವನ್ ಮತ್ತೆಂದೂ ಅಡುಗೆಮನೆಗೆ ಹೋಗಬಾರದು.

ಮೊದಲು ಗುಂಡನ್ನು ಓದಿ

ಕೆಟ್ಟು ಬಂದ ಗುಂಡನ್ನು ಎಸೆಯಬೇಡಿ. ಎಲ್ಲಿ ಕೆಟ್ಟಿದೆ ಎಂದು ನೋಡಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿ.

ಮುಂದೆ ದಪ್ಪ, ಹಿಂದೆ ಬೋಳು ಎಂದರೆ ಪುಡಿಗೆ ಚಾರ್ಜ್ ಸಾಲದು ಅಥವಾ ಗುಂಡಿಗೆ ಅರ್ಥ್ ಇಲ್ಲ. ಮೈಯೆಲ್ಲ ಚೆನ್ನಾಗಿದ್ದು ದಾರ ಹೋಗುವ ತೂತಿನ ಬಾಯಿ, ತಗ್ಗು, ಮೂಲೆಗಳು ಮಾತ್ರ ಬರಿದಾಗಿದ್ದರೆ ಅದು ಫ್ಯಾರಡೆ ಪಂಜರದ ಆಟ. ಲೋಹದ ಪಂಜರದೊಳಕ್ಕೆ ಹೊರಗಿನ ವಿದ್ಯುತ್ ಕ್ಷೇತ್ರ ನುಗ್ಗುವುದಿಲ್ಲ ಎಂದು ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದ. ಗುಂಡಿನ ತೂತು ಅಂಥದೇ ಪುಟ್ಟ ಪಂಜರ. ಪುಡಿ ಒಳಗೆ ಹೋಗದೆ ತೂತಿನ ಅಂಚಿಗೇ ಎಳೆದುಕೊಂಡು ಗುಪ್ಪೆಯಾಗುತ್ತದೆ.

ಮೇಲ್ಮೈಯಲ್ಲಿ ಸೂಜಿ ಚುಚ್ಚಿದಂಥ ಚುಕ್ಕೆಗಳು, ನಕ್ಷತ್ರದ ಹಾಗೆ ಒಡೆದ ಗುರುತು ಇದ್ದರೆ ಚಾರ್ಜ್ ಜಾಸ್ತಿಯಾಗಿದೆ. ಪುಡಿಯ ಪದರದಲ್ಲಿ ಶೇಖರವಾದ ಚಾರ್ಜ್ ತಾಳಲಾರದೆ ಪದರವನ್ನೇ ಸೀಳಿಕೊಂಡು ಹೊರಬಂದ ಗುರುತು ಅದು. ಬಣ್ಣ ದುಂಡಗೆ ಸರಿದು ನಡುವೆ ಲೋಹ ಕಾಣುವ ಮೀನುಗಣ್ಣಿನಂಥ ಕುಳಿ ಇದ್ದರೆ ಎಣ್ಣೆ ಅಥವಾ ಸಿಲಿಕೋನ್. ಉಬ್ಬಿ ಒಡೆದ ಗುಳ್ಳೆ ಇದ್ದರೆ ಎರಕದೊಳಗಿನ ಗಾಳಿ ಅಥವಾ ತೇವ. ದಪ್ಪ, ತೆಳು, ದಪ್ಪ, ತೆಳು ಎಂದು ಅಲೆಅಲೆಯಾಗಿ ಬಿದ್ದಿದ್ದರೆ ಗನ್ ಕೆಮ್ಮುತ್ತಿದೆ, ಅಂದರೆ ಪುಡಿ ಒಂದೇ ಸಮ ಬರುತ್ತಿಲ್ಲ.

ಅರ್ಥಿಂಗ್: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ಗನ್ನಿನ ಸೂಜಿ ಸುತ್ತಲಿನ ಗಾಳಿಗೆ ಋಣ ಚಾರ್ಜ್ ತುಂಬುತ್ತದೆ, ಆ ಗಾಳಿಯ ಮೂಲಕ ಹಾದುಹೋಗುವ ಪುಡಿಗೂ ಅದು ಅಂಟುತ್ತದೆ. ಅರ್ಥ್ ಆದ ಗುಂಡು ಕಂಡ ಕೂಡಲೇ ಪುಡಿ ಅದರತ್ತ ಹಾರಿ, ಸುತ್ತಿ, ಬೆನ್ನಿಗೂ ಹೋಗಿ ಕೂರುತ್ತದೆ. ಹಾಗೆ ಬಂದ ಚಾರ್ಜ್ ಗುಂಡಿನಿಂದ ಕೊಕ್ಕೆಗೆ, ಕೊಕ್ಕೆಯಿಂದ ಸರಳಿಗೆ, ಸರಳಿನಿಂದ ಭೂಮಿಗೆ ಇಳಿದುಹೋಗಬೇಕು. ಇಳಿಯದಿದ್ದರೆ ಗುಂಡಿಗೇ ಋಣ ಚಾರ್ಜ್ ತುಂಬಿ, ಬರುವ ಪುಡಿಯನ್ನು ಆಚೆ ತಳ್ಳುತ್ತದೆ. ಮೊದಲ ಎರಡು ಸೆಕೆಂಡು ಚೆನ್ನಾಗಿ ಹಿಡಿದು ಆಮೇಲೆ ಪುಡಿ ಜಾರಿ ಬೀಳುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ.

ಉದ್ಯಮದಲ್ಲಿ ಒಪ್ಪಿಕೊಂಡ ಮಿತಿ ಎಂದರೆ ವಸ್ತುವಿನಿಂದ ಭೂಮಿಗೆ 1 ಮೆಗಾಓಮ್‌ಗಿಂತ ಕಡಿಮೆ ತಡೆ. ಸಣ್ಣ ಕೆಲಸಕ್ಕೆ ಇಷ್ಟು ಉದಾರತೆ ಬೇಡ. ಗುಂಡಿನಿಂದ ಅರ್ಥ್ ಕಡ್ಡಿಯವರೆಗೆ ಬೆರಳೆಣಿಕೆಯ ಓಮ್ ಬರುವವರೆಗೆ ನಾನು ಬಿಡುವುದಿಲ್ಲ. ಮಲ್ಟಿಮೀಟರಿನ ಒಂದು ಮೊನೆ ಗುಂಡಿನ ಬರಿ ಲೋಹಕ್ಕೆ, ಇನ್ನೊಂದು ಅರ್ಥ್ ಪಾಯಿಂಟಿಗೆ. ಅಂಕಿ ಕುಣಿಯುತ್ತಿದ್ದರೆ ಕೊಕ್ಕೆಯನ್ನು ಬೆರಳಲ್ಲಿ ಅಲುಗಾಡಿಸಿ. ಅಲುಗಿದಾಗ ಬದಲಾದರೆ ಅಲ್ಲೇ ದೋಷ.

ಕೊಕ್ಕೆಯ ತುದಿಯನ್ನು ಅರದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ತುದಿ ದುಂಡಗಿರುವುದಕ್ಕಿಂತ ಚೂಪಾಗಿದ್ದರೆ ಒಳ್ಳೆಯದು, ತೆಳು ಪದರವನ್ನು ಗೀರಿಕೊಂಡು ಲೋಹಕ್ಕೆ ತಾಗುತ್ತದೆ. ಕೊಕ್ಕೆ ನೇತಾಡುವ ಸರಳನ್ನು ಮರೆಯಬೇಡಿ, ಅದಕ್ಕೂ ಬಣ್ಣ ಮೆತ್ತಿರುತ್ತದೆ. ನಾನು ಈಗ ಕೊಕ್ಕೆಗೆ ತೆಳು ಕಬ್ಬಿಣದ ತಂತಿ ಬಳಸಿ, ಎರಡು ಮೂರು ಸಲಕ್ಕೆ ಎಸೆದುಬಿಡುತ್ತೇನೆ. ಉಜ್ಜುತ್ತ ಕೂರುವ ತಾಳ್ಮೆ ಇದ್ದವರು ಉಜ್ಜಿಕೊಳ್ಳಿ.

ಮುಂದಿನದು ಅರ್ಥ್ ಕ್ಲಿಪ್ಪಿನ ವೈರು. ಹೊರಗಿನ ಪ್ಲಾಸ್ಟಿಕ್ ಗಟ್ಟಿಯಾಗಿದ್ದರೂ ಒಳಗೆ ತಾಮ್ರದ ಎಳೆ ತುಂಡಾಗಿರುತ್ತದೆ, ಅದೂ ಹೆಚ್ಚಾಗಿ ಕ್ಲಿಪ್ಪಿನ ಬುಡದಲ್ಲಿ ಅಥವಾ ಗನ್ನಿಗೆ ಕರೆಂಟು ಕೊಡುವ ಪೆಟ್ಟಿಗೆಯಿಂದ ಹೊರಬರುವ ಕಡೆ. ಮಲ್ಟಿಮೀಟರನ್ನು ಕಂಟಿನ್ಯುಯಿಟಿ ಬೀಪಿಗೆ ಹಾಕಿ ವೈರನ್ನು ಇಂಚಿಂಚೇ ಬಗ್ಗಿಸುತ್ತ ಹೋಗಿ. ಬೀಪ್ ನಿಂತ ಜಾಗದಿಂದ ನಾಲ್ಕು ಬೆರಳು ಒಳಗೆ ಕತ್ತರಿಸಿ, ಹೊಸದಾಗಿ ಸುಲಿದು, ಬೆಸುಗೆ ಹಾಕಿ ಕ್ಲಿಪ್ ಕೂರಿಸಿ. ಹತ್ತು ನಿಮಿಷದ ಕೆಲಸ.

ಗನ್ ಹಿಡಿದವರಿಗೂ ಅರ್ಥ್ ಬೇಕು. ಹಿಡಿಯಲ್ಲಿ ಲೋಹದ ಪಟ್ಟಿ ಇರುವ ಗನ್ನಾದರೆ ದಪ್ಪ ರಬ್ಬರ್ ಗವಸು ಹಾಕಿ ಆ ದಾರಿ ಮುಚ್ಚಬೇಡಿ. ಗವಸಿನ ಅಂಗೈ ಭಾಗ ಕತ್ತರಿಸಿ ಚರ್ಮ ಪಟ್ಟಿಗೆ ತಾಗುವಂತೆ ನೋಡಿಕೊಳ್ಳಿ.

ಗಾಳಿ

ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ, ಪೈಪಿನಲ್ಲಿ ತಣ್ಣಗಾಗುವಾಗ ನೀರು ಬಿಡುತ್ತದೆ. ಆ ನೀರು ಪುಡಿಗೆ ತಾಗಿದರೆ ಹಿಟ್ಟಿಗೆ ತೇವ ತಾಗಿದಂತೆಯೇ, ಗಂಟು ಕಟ್ಟುತ್ತದೆ. ಪರೀಕ್ಷೆ ಸುಲಭ. ಗನ್ನಿಗೆ ಹೋಗುವ ಪೈಪ್ ಬಿಚ್ಚಿ ಒಂದು ಕನ್ನಡಿಯ ಮೇಲೆ ಒಂದು ನಿಮಿಷ ಗಾಳಿ ಬಿಡಿ. ಮಂಜು ಕವಿದರೆ ನೀರು. ಬಿಳಿ ಬಟ್ಟೆಯ ಮೇಲೂ ಹಾಗೇ ಮಾಡಿ ನೋಡಿ, ಹಳದಿ ಕಲೆ ಬಿದ್ದರೆ ಎಣ್ಣೆ. ಎಣ್ಣೆ ಬಂದರೆ ಕಂಪ್ರೆಸರಿನ ಪಿಸ್ಟನ್ ರಿಂಗ್ ಸವೆದಿದೆ. ಆ ದುರಸ್ತಿ ಆಗುವವರೆಗೆ ಎಷ್ಟು ಫಿಲ್ಟರ್ ಹಾಕಿದರೂ ಮೀನುಗಣ್ಣು ಹೋಗುವುದಿಲ್ಲ.

ನೀರು ಹಿಡಿಯುವ ಬಟ್ಟಲನ್ನು ಕಂಪ್ರೆಸರಿನ ಮೂತಿಗೇ ಸಿಕ್ಕಿಸುವುದು ಸಾಮಾನ್ಯ ತಪ್ಪು. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಪೈಪಿನ ಆಚೆ ತುದಿಯಲ್ಲಿ, ಗಾಳಿ ತಣ್ಣಗಾದ ಮೇಲೆ ಬಟ್ಟಲು, ಅದರ ಮುಂದೆ ಸಿಲಿಕಾ ಜೆಲ್ ತುಂಬಿದ ಡ್ರೈಯರ್, ಆಮೇಲೆ ರೆಗ್ಯುಲೇಟರ್. ಜೆಲ್ ಬಣ್ಣ ಬದಲಿಸಿದರೆ ಓವನ್ನಿನಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಟ್ಯಾಂಕಿನ ತಳದ ಕೊಳಾಯಿಯನ್ನು ದಿನಾ ತೆರೆದು ನೀರು ಬಿಡುವುದು ಬೇಸರದ ಕೆಲಸ, ಆದರೂ ಬಿಡಿ.

ಒತ್ತಡ ಹೆಚ್ಚಿಸಿದರೆ ಲೇಪನ ಹೆಚ್ಚುತ್ತದೆ ಎಂಬುದು ಸುಳ್ಳು. ಗಾಳಿ ಜೋರಾದಷ್ಟೂ ಪುಡಿಗೆ ಸೂಜಿಯ ಬಳಿ ಚಾರ್ಜ್ ಹಿಡಿಯಲು ಸಮಯ ಸಿಗುವುದಿಲ್ಲ, ಮೇಲಾಗಿ ಕೂತ ಪುಡಿಯನ್ನೂ ಗಾಳಿಯೇ ಊದಿಬಿಡುತ್ತದೆ. ಮೋಡದ ಹಾಗೆ ಮೆಲ್ಲಗೆ ತೇಲಿಬರಬೇಕು.

ಪುಡಿ

ಪುಡಿಯ ಕಣ ಹೆಚ್ಚಾಗಿ 10ರಿಂದ 90 ಮೈಕ್ರಾನ್ ನಡುವೆ ಇರುತ್ತದೆ. ತೀರಾ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಚೆಲ್ಲಿದ ಪುಡಿಯನ್ನೇ ಮತ್ತೆ ಮತ್ತೆ ಬಳಸಿದಾಗ ಡಬ್ಬಿಯಲ್ಲಿ ಈ ಸಣ್ಣ ಕಣಗಳ ಪಾಲು ಏರುತ್ತಲೇ ಹೋಗುತ್ತದೆ. ಹಳೆಯದನ್ನು ಜರಡಿ ಹಿಡಿದು, ಹೊಸದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ. ಒಂದು ಹಿಡಿ ಪುಡಿಯನ್ನು ಮುಷ್ಟಿಯಲ್ಲಿ ಒತ್ತಿ ಬಿಡಿ: ಮುದ್ದೆ ಬೆರಳು ತಾಗಿದ ಕೂಡಲೇ ಉದುರಿದರೆ ಸರಿ, ಮುದ್ದೆಯಾಗಿಯೇ ಕೂತರೆ ಒಣಗಿಸಬೇಕು. ಒಣಗಿಸಲು ಬಿಸಿಲಿಗೂ ಓವನ್ನಿಗೂ ಇಡಬೇಡಿ, ಕರಗಿ ಕಲ್ಲಾಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಎರಡು ದಿನ ಬಿಡಿ. ತಣ್ಣನೆ ಕೋಣೆಯಿಂದ ತಂದ ಪುಡಿಯ ಡಬ್ಬಿಯನ್ನು ತಕ್ಷಣ ತೆರೆಯುವುದೂ ತಪ್ಪು. ಕೋಣೆಯ ಬಿಸಿಗೆ ಬಂದ ಮೇಲೆ ಮುಚ್ಚಳ ತೆಗೆಯಿರಿ, ಇಲ್ಲವಾದರೆ ಒಳಗೆ ಬೆವರು.

ಗನ್ ಕೆಮ್ಮುತ್ತಿದ್ದರೆ

ಡಬ್ಬಿಯಿಂದ ಪುಡಿ ಎಳೆಯುವುದು ವೆಂಚುರಿ ಪಂಪು. ಕಿರಿದಾದ ಬಾಯಿಯಿಂದ ಗಾಳಿ ವೇಗವಾಗಿ ನುಗ್ಗಿದಾಗ ಅಲ್ಲಿ ಒತ್ತಡ ಕುಸಿದು ಪುಡಿ ಮೇಲೇಳುತ್ತದೆ. ಅಲುಗಾಡುವ ಭಾಗವೇ ಇಲ್ಲ, ಹಾಗಾಗಿ ಕೆಡುವುದಿಲ್ಲ ಎಂದುಕೊಳ್ಳುತ್ತೇವೆ. ಆದರೆ ಪುಡಿ ಮರಳಿನ ಹಾಗೆ ಉಜ್ಜುತ್ತದೆ. ಒಳಗಿರುವ ಟೆಫ್ಲಾನ್ ಕೊಳವೆ ನಿಧಾನಕ್ಕೆ ಸವೆದು ತೂತು ದೊಡ್ಡದಾಗುತ್ತದೆ, ಎಳೆತ ಕುಗ್ಗುತ್ತದೆ. ಹೊಸದೊಂದು ಕೊಳವೆ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ: ಹಳೆಯದರ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಬದಲಿಸಲೇಬೇಕು. ಒಂದು ಬಿಡಿ ಕೊಳವೆ, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ ಅಂದರೆ ಓ-ರಿಂಗ್ ನಾಲ್ಕು, ಯಾವಾಗಲೂ ಡಬ್ಬಿಯಲ್ಲಿರಲಿ.

ಬಿಚ್ಚುವ ಕ್ರಮ ಹೀಗೆ. ಪುಡಿ ಡಬ್ಬಿ ತೆಗೆದು ಪಕ್ಕಕ್ಕಿಡಿ. ಪಂಪಿನ ಕೊಳವೆಯನ್ನು ತಿರುಗಿಸುತ್ತ ಹೊರಗೆಳೆಯಿರಿ, ಇಕ್ಕಳ ಹಾಕಬೇಡಿ. ಓ-ರಿಂಗ್‌ಗಳನ್ನು ಉಗುರಿನಿಂದ ಎತ್ತಿ, ಬೆರಳಲ್ಲಿ ಹಿಗ್ಗಿಸಿ ನೋಡಿ. ಬಿರುಕು ಕಂಡರೆ ಹೊಸದು. ಅಂಟಿದ ಪುಡಿಯನ್ನು ಬಿದಿರು ಕಡ್ಡಿ, ಮೃದು ಬ್ರಷ್ಷಿನಿಂದ ಬಿಡಿಸಿ. ತಂತಿ, ಸ್ಕ್ರೂಡ್ರೈವರ್ ಹಾಕಿದರೆ ಒಳಗೋಡೆಗೆ ಗೀರು ಬಿದ್ದು, ಆ ಗೀರಿನಲ್ಲೇ ಮುಂದೆ ಪುಡಿ ಹಿಡಿಯುತ್ತದೆ. ತಿನ್ನರ್ ಬೇಡವೇ ಬೇಡ, ಪುಡಿ ಅದರಲ್ಲಿ ಕರಗಿ ಗೋಂದಾಗುತ್ತದೆ. ಒಣ ಗಾಳಿ ಸಾಕು.

ಪೈಪಿನ ತಿರುವುಗಳಲ್ಲಿ, ನಾಝಲ್ಲಿನ ಬಾಯಲ್ಲಿ ಕಲ್ಲಿನಂಥ ಗಟ್ಟಿ ಪದರ ಕಂಡರೆ ಗಾಬರಿ ಬೇಡ. ವೇಗವಾಗಿ ಬಡಿದ ಕಣಗಳು ಆ ಹೊಡೆತದ ಬಿಸಿಗೇ ಕರಗಿ ಅಂಟಿಕೊಂಡದ್ದು. ಅದು ಆಗಾಗ ಚೂರಾಗಿ ಕಿತ್ತು ಬಂದು ಗುಂಡಿನ ಮೇಲೆ ಮೊಡವೆಯಾಗಿ ಕೂರುತ್ತದೆ. ಪೈಪನ್ನು ಹೊರಗಿನಿಂದ ಹಿಚುಕಿ, ತಟ್ಟಿ, ಪದರ ಬಿಡಿಸಿ ಊದಿ. ಮತ್ತೆ ಬೇಗ ಕಟ್ಟಿಕೊಂಡರೆ ಗಾಳಿ ಜಾಸ್ತಿ ಕೊಡುತ್ತಿದ್ದೀರಿ, ಅಥವಾ ಪೈಪು ಎಲ್ಲೋ ಮಡಚಿಕೊಂಡಿದೆ.

ಸೂಜಿ, ಕಡೆಗೆ ಹೈವೋಲ್ಟೇಜ್

ಸೂಜಿಯ ತುದಿ ಚೂಪಾಗಿದ್ದಷ್ಟೂ ಚಾರ್ಜ್ ಚೆನ್ನಾಗಿ ಹೊರಚೆಲ್ಲುತ್ತದೆ. ಮೊಂಡಾದರೆ, ಬಾಗಿದರೆ, ಪುಡಿ ಮೆತ್ತಿದರೆ ಮೋಡ ಒಂದು ಬದಿಗೆ ವಾಲುತ್ತದೆ. ಸೂಜಿ ನಾಝಲ್ಲಿನ ನಡುಮಧ್ಯೆ ನಿಂತಿದೆಯೇ ಎಂದು ಎದುರಿನಿಂದ ನೋಡಿ. ಒಣ ಬಟ್ಟೆಯಿಂದ ಒರೆಸಿ. ಅರದಿಂದ ಮಸೆಯುವ ಆಸೆಯಾಗುತ್ತದೆ. ಮಸೆದರೆ ಉದ್ದ ಕಡಿಮೆಯಾಗಿ ನಾಝಲ್ಲಿನೊಳಗೆ ಹೂತುಹೋಗುತ್ತದೆ. ಹೊಸ ಸೂಜಿ ಹಾಕುವುದೇ ಮೇಲು.

ಈಗ ನಿಜವಾಗಿ ಚಾರ್ಜ್ ಬರುತ್ತಿದೆಯೇ ಎಂಬ ಪ್ರಶ್ನೆ. ಮೀಟರ್ ಇಲ್ಲದೆ ತಿಳಿಯುವ ದಾರಿ ಇದು: ಹೆಬ್ಬೆರಳು ಗಾತ್ರದ ಬರಿ ಕಬ್ಬಿಣದ ಸರಳನ್ನು ಚೆನ್ನಾಗಿ ಅರ್ಥ್ ಮಾಡಿ ನಿಲ್ಲಿಸಿ. 15ರಿಂದ 20 ಸೆಂಟಿಮೀಟರ್ ದೂರದಿಂದ, ಮುಂಬದಿಯಿಂದ ಮಾತ್ರ, ಮೂರು ಸೆಕೆಂಡು ಪುಡಿ ಬಿಡಿ. ಹಿಂದೆ ಹೋಗಿ ನೋಡಿ. ಬೆನ್ನಿಗೂ ಪುಡಿ ಸುತ್ತಿ ಕೂತಿದ್ದರೆ ಹೈವೋಲ್ಟೇಜ್ ಆರೋಗ್ಯವಾಗಿದೆ, ನಿಮ್ಮ ಶತ್ರು ಬೇರೆ ಕಡೆ ಇದ್ದಾನೆ. ಬೆನ್ನು ಪೂರ್ತಿ ಬೋಳಾಗಿದ್ದರೆ ಮಾತ್ರ ಮುಂದೆ ಓದಿ.

ಪೆಡಲ್ ಅಥವಾ ಟ್ರಿಗರ್ ಸ್ವಿಚ್ ಮೊದಲು ನೋಡಿ. ಕಾಲಲ್ಲಿ ತುಳಿಯುವ ಸ್ವಿಚ್ಚಿನೊಳಗೆ ಪುಡಿ ತುಂಬಿ ಕಾಂಟ್ಯಾಕ್ಟ್ ಕೂಡದಿರುವುದು ಮಾಮೂಲು. ಬಿಚ್ಚಿ ಊದಿದರೆ ಸರಿಹೋಗುತ್ತದೆ. ಆಮೇಲೆ ಪೆಟ್ಟಿಗೆಯಿಂದ ಗನ್ನಿಗೆ ಹೋಗುವ ಕೇಬಲ್. ಹೈವೋಲ್ಟೇಜ್ ಹೊರುವ ಕೇಬಲ್ಲಿನಲ್ಲಿ ಬಿರುಕು ಕಂಡರೆ ಟೇಪ್ ಸುತ್ತುವುದು ದುರಸ್ತಿಯಲ್ಲ. ಹತ್ತಾರು ಸಾವಿರ ವೋಲ್ಟಿಗೆ ಆ ಟೇಪು ಲೆಕ್ಕಕ್ಕಿಲ್ಲ. ಇಡೀ ಕೇಬಲ್ ಬದಲಿಸಿ.

ವೋಲ್ಟೇಜ್ ಏರಿಸುವ ಭಾಗಕ್ಕೆ ಕ್ಯಾಸ್ಕೇಡ್ ಎನ್ನುತ್ತಾರೆ. ಡಯೋಡ್, ಕೆಪಾಸಿಟರ್‌ಗಳನ್ನು ಏಣಿಯ ಹಾಗೆ ಜೋಡಿಸಿದ ಸರ್ಕ್ಯೂಟು. ಭೌತವಿಜ್ಞಾನಿಗಳಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ 1932ರಲ್ಲಿ ಪರಮಾಣು ಬೀಜವನ್ನು ಒಡೆಯಲು ಬಳಸಿದ್ದು ಇದೇ ಬಗೆಯ ಏಣಿ. ಅದರ ಮರಿ ನಿಮ್ಮ ಅಂಗೈಯಲ್ಲಿದೆ. ದೊಡ್ಡ ಗನ್‌ಗಳಲ್ಲಿ ಇದು 100 ಕಿಲೋವೋಲ್ಟ್‌ವರೆಗೆ ಏರಿಸುತ್ತದೆ, ಹವ್ಯಾಸಿ ಗನ್‌ಗಳಲ್ಲಿ ಬಹಳ ಕಡಿಮೆ. ಇಡೀ ಸರ್ಕ್ಯೂಟನ್ನು ಎಪಾಕ್ಸಿಯಲ್ಲಿ ಹೂತಿಟ್ಟಿರುತ್ತಾರೆ, ಒಡೆದು ದುರಸ್ತಿ ಮಾಡುವಂಥದ್ದಲ್ಲ. ಒಳಗೆ ಬಿಡುವ ಇನ್‌ಪುಟ್ ವೋಲ್ಟೇಜ್ ಸರಿಯಾಗಿದ್ದೂ ಸರಳಿನ ಪರೀಕ್ಷೆಯಲ್ಲಿ ಬೆನ್ನು ಬೋಳು ಬಂದರೆ ಆಗ ಕ್ಯಾಸ್ಕೇಡ್ ತರಿಸಿ.

ಗನ್ ಇಲ್ಲದವರ ಬಟ್ಟಲು ಮತ್ತು ಡಬ್ಬಿ

ಸಣ್ಣ ಗುಂಡುಗಳಿಗೆ ಗನ್ನೇ ಬೇಕೆಂದಿಲ್ಲ. ತಳದಲ್ಲಿ ರಂಧ್ರಮಯ ಹಾಳೆ ಕಟ್ಟಿದ ಬಟ್ಟಲಿಗೆ ಅಕ್ವೇರಿಯಂ ಪಂಪಿನಿಂದ ಗಾಳಿ ಬಿಟ್ಟರೆ ಪುಡಿ ನೀರಿನ ಹಾಗೆ ಕುದಿಯುತ್ತದೆ. ಬಿಸಿ ಮಾಡಿದ ಗುಂಡನ್ನು ಅದರಲ್ಲಿ ಒಂದೆರಡು ಸೆಕೆಂಡು ಅದ್ದಿ ತೆಗೆದರೆ ಪುಡಿ ಕರಗಿ ಅಂಟುತ್ತದೆ. ಪೌಡರ್ ಕೋಟಿಂಗ್ ಎಂಬ ವಿದ್ಯೆ 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್ ಕೈಯಲ್ಲಿ ಶುರುವಾದದ್ದೂ ಇಂಥ ಬಟ್ಟಲಿನಿಂದಲೇ. ಗನ್ ಬಂದದ್ದು ಆಮೇಲೆ.

ಬಟ್ಟಲಿನಲ್ಲಿ ಒಂದು ಮೂಲೆ ಮಾತ್ರ ಜ್ವಾಲಾಮುಖಿಯಂತೆ ಚಿಮ್ಮಿ ಉಳಿದದ್ದು ಸತ್ತಂತೆ ಬಿದ್ದಿದ್ದರೆ ತಳದ ಹಾಳೆ ಹರಿದಿದೆ ಅಥವಾ ಅಂಚಿನ ಅಂಟು ಬಿಟ್ಟಿದೆ. ಹಾಳೆ ಬದಲಿಸಿ ಬಿಗಿಯಾಗಿ ಎಳೆದು ಕಟ್ಟಿ. ಹಾಳೆ ಸರಿಯಿದ್ದೂ ಹಾಗಾದರೆ ಪುಡಿಯಲ್ಲಿ ತೇವವಿದೆ. ಅದ್ದಿದ ಗುಂಡು ಒರಟಾಗಿ ಮರಳು ಅಂಟಿದಂತೆ ಬಂದರೆ ಬಿಸಿ ಸಾಲದು. ದಪ್ಪ ಮುದ್ದೆಯಾದರೆ ಬಿಸಿ ಹೆಚ್ಚು ಅಥವಾ ಅದ್ದಿದ್ದು ಹೆಚ್ಚು ಹೊತ್ತು.

ಇನ್ನೊಂದು ದಾರಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡು, ಪುಡಿ, ಆಟದ ಪ್ಲಾಸ್ಟಿಕ್ ಮಣಿಗಳನ್ನು ಹಾಕಿ ಅಲ್ಲಾಡಿಸುವುದು. ತಿಕ್ಕಾಟದಿಂದಲೇ ಚಾರ್ಜ್ ಹುಟ್ಟುತ್ತದೆ. ತಳದಲ್ಲಿ ತ್ರಿಕೋನದೊಳಗೆ 5 ಎಂದು ಅಚ್ಚಾದ ಪಾಲಿಪ್ರೊಪಿಲೀನ್ ಡಬ್ಬಿ ಇದಕ್ಕೆ ಒಗ್ಗುತ್ತದೆ. ಮಳೆಗಾಲದ ತೇವದಲ್ಲಿ ಈ ವಿಧಾನ ಕೈಕೊಡುತ್ತದೆ, ಚಾರ್ಜ್ ನಿಲ್ಲುವುದೇ ಇಲ್ಲ. ಆಗ ಕೋಣೆ ಒಣಗುವವರೆಗೆ ಕಾಯುವುದೇ ದಾರಿ. ಗುಂಡುಗಳು ಡಬ್ಬಿಯಲ್ಲಿ ತುಂಬಿ ತುಳುಕಿದರೂ ಏರುಪೇರಾಗುತ್ತದೆ. ತಳದಲ್ಲಿ ಒಂದು ಪದರ ಸಾಕು.

ಓವನ್

ಬಹುತೇಕ ಪುಡಿಗಳು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 20 ನಿಮಿಷಕ್ಕೆ ಗಟ್ಟಿಯಾಗುತ್ತವೆ. ಈ ಲೆಕ್ಕ ಲೋಹದ ಬಿಸಿಯದು, ಓವನ್ನಿನ ಗಾಳಿಯದ್ದಲ್ಲ. ಟ್ರೇ ತುಂಬ ಸೀಸ ಇಟ್ಟರೆ ಗಾಳಿ 200 ಮುಟ್ಟಿದಾಗ ಗುಂಡು ಇನ್ನೂ 120ರಲ್ಲಿರಬಹುದು. ತಾಪ ಅಳೆಯುವ ತಂತಿಯಾದ ಕೆ ಟೈಪ್ ಥರ್ಮೋಕಪಲ್ಲಿನ ತುದಿಯನ್ನು ಒಂದು ಹಾಳು ಗುಂಡಿನ ತೂತಿಗೆ ತುರುಕಿ ಟ್ರೇಯ ನಡುವೆ ಇಡಿ. ಅದು ತಾಪ ಮುಟ್ಟಿದ ಮೇಲೆ ಗಡಿಯಾರ ನೋಡಿ.

ಒಂದು ಬದಿ ಹಳದಿಯಾಗಿ, ಇನ್ನೊಂದು ಬದಿ ಮಂಕಾಗಿ ಬಂದರೆ ಗುಂಡುಗಳಿಗೆ ಕಾಯಿಲಿನ ಝಳ ನೇರ ತಗಲುತ್ತಿದೆ. ಕಾಯಿಲಿಗೂ ಟ್ರೇಗೂ ನಡುವೆ ತಗಡು ಅಡ್ಡ ಇಡಿ. ಒಳಗಿನ ಫ್ಯಾನು ತಿರುಗುತ್ತಿದೆಯೇ ನೋಡಿ, ಆದರೆ ಅದರ ಗಾಳಿ ಪುಡಿ ಕರಗುವ ಮೊದಲು ನೇರ ಬೀಸದಿರಲಿ.

ಒಂದು ಮುಖ್ಯ ಎಚ್ಚರಿಕೆ. ಶುದ್ಧ ಸೀಸ ಕರಗುವುದು 327 ಡಿಗ್ರಿಯಲ್ಲಿ, ಭಯವಿಲ್ಲ. ಆದರೆ ಬೆಸುಗೆ ತುಂಡುಗಳನ್ನು ಕರಗಿಸಿ ಎರೆದಿದ್ದರೆ, ಸುಮಾರು 63 ಪಾಲು ತವರ, 37 ಪಾಲು ಸೀಸದ ಮಿಶ್ರಣ 183 ಡಿಗ್ರಿಗೇ ನೀರಾಗುತ್ತದೆ. ಸೀಸ ಬೇಡವೆಂದು ಬಿಸ್ಮತ್ ಮತ್ತು ತವರದಲ್ಲಿ ಎರೆಯುವವರಿದ್ದಾರೆ. 58 ಪಾಲು ಬಿಸ್ಮತ್ ಇರುವ ಮಿಶ್ರಣ 138ಕ್ಕೇ ಕರಗುತ್ತದೆ. ಯಾವ ಲೋಹವೆಂದು ಗೊತ್ತಿಲ್ಲದ ಗುಂಡು ಕೈಗೆ ಬಂದರೆ ಒಂದನ್ನು ಮಾತ್ರ ಬಣ್ಣವಿಲ್ಲದೆ ತಗಡಿನ ಬಟ್ಟಲಲ್ಲಿಟ್ಟು ಬೇಯಿಸಿ ನೋಡಿ.

ಕೆಟ್ಟು ಬಂದ ಗುಂಡುಗಳನ್ನು ಸರಿಪಡಿಸುವುದು

ಎಲ್ಲಕ್ಕಿಂತ ಸುಲಭದ ದುರಸ್ತಿ ಓವನ್ನಿಗೆ ಹಾಕುವ ಮುನ್ನ ಆಗುವಂಥದ್ದು. ಬೇಯದ ಪುಡಿ ಬರೀ ಧೂಳು. ಟಾರ್ಚ್ ಹಿಡಿದು ನೋಡಿ, ತೆಳುವಾದ ಕಡೆ ಸ್ವಲ್ಪ ಬಿಡಿ, ತೀರಾ ಕೆಟ್ಟಿದ್ದರೆ ಇಡೀ ಗುಂಡನ್ನು ಊದಿ ಹೊಸದಾಗಿ ಶುರುಮಾಡಿ. ಬೆರಳು ತಾಗಿಸಿ ಸರಿಮಾಡಲು ಹೋಗಬೇಡಿ.

ತೂತಿನ ಬಾಯಿ, ತಗ್ಗುಗಳಿಗೆ ಪುಡಿ ಹೋಗದಿದ್ದರೆ ಕಿಲೋವೋಲ್ಟ್ ಇಳಿಸಿ, ಗಾಳಿಯನ್ನೂ ಇಳಿಸಿ, ತಗ್ಗಿಗೆ ಮೊದಲು ಹೊಡೆಯಿರಿ. ಹೊರಮೈಗೆ ಆಮೇಲೆ. ವೋಲ್ಟೇಜ್ ಬದಲಿಸುವ ನಾಬ್ ಇಲ್ಲದ ಗನ್ನಾದರೆ ಗುಂಡನ್ನೇ ಬಿಸಿ ಮಾಡಿ ಹೊಡೆಯಿರಿ. ಪುಡಿ ತಾಗಿದ ಕೂಡಲೇ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಬಿಸಿ ಗುಂಡಿಗೆ ಪುಡಿ ಬೇಕಾಬಿಟ್ಟಿ ಅಂಟುತ್ತದೆ, ಕೈ ಹಗುರವಿರಲಿ.

ಬೆಂದ ಮೇಲೆ ತೆಳುವಾಗಿ ಕಂಡ ಗುಂಡಿಗೆ ಎರಡನೇ ಪದರ ಕೊಡಬಹುದು. 320 ಅಥವಾ 400 ನಂಬರಿನ ನೀರು ಕಾಗದದಿಂದ (ಒದ್ದೆಯಲ್ಲಿ ಉಜ್ಜುವ ಮರಳು ಕಾಗದ) ಹೊಳಪು ಹೋಗುವಷ್ಟು ಉಜ್ಜಿ. ಸೀಸದ ಮೇಲೆ ಒಣಗಿದಂತೆ ಉಜ್ಜುವುದು ಬೇಡ, ಆ ಧೂಳು ವಿಷ. ಒದ್ದೆಯಾಗಿಯೇ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ತೊಳೆದು ಒಣಗಿಸಿ. ಮೊದಲ ಪದರ ಈಗ ನಿರೋಧಕ, ಚಾರ್ಜ್ ಬೇಗ ತುಂಬಿಕೊಳ್ಳುತ್ತದೆ. ಆದ್ದರಿಂದ ಕರೆಂಟು ತಗ್ಗಿಸಿ, ದೂರ ಸ್ವಲ್ಪ ಹೆಚ್ಚಿಸಿ, ಎರಡೇ ಬೀಸಿನಲ್ಲಿ ಮುಗಿಸಿ. ಕೊಕ್ಕೆ ತಾಗುವ ಕಡೆ ಮಾತ್ರ ಲೋಹ ಕಾಣುವಂತೆ ಗೀರಿಕೊಳ್ಳಿ.

ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗಿದ್ದರೆ ಪದರ ದಪ್ಪವಾಗಿದೆ. ಸಾಮಾನ್ಯ ಲೇಪನಕ್ಕೆ 60ರಿಂದ 80 ಮೈಕ್ರಾನ್ ಸಾಕು. ಗುಂಡಿನ ವ್ಯಾಸವನ್ನು ವರ್ನಿಯರಿನಲ್ಲಿ ಮೊದಲು, ಆಮೇಲೆ ಅಳೆದರೆ ಅಂದಾಜು ಸಿಗುತ್ತದೆ. ವ್ಯತ್ಯಾಸದ ಅರ್ಧ ಪದರದ ದಪ್ಪ. ಗಾಳದ ಗುಂಡಿಗೆ ಕಿತ್ತಳೆ ಸಿಪ್ಪೆ ಏನೂ ಕೇಡಲ್ಲ, ಮೀನು ಅದನ್ನು ನೋಡಿ ಮುಖ ತಿರುಗಿಸುವುದಿಲ್ಲ. ನೋಟ ಮುಖ್ಯವಾದ ಭಾಗವಾದರೆ ಉಜ್ಜಿ ಸಮ ಮಾಡಿ ತೆಳು ಪದರ ಕೊಡಿ.

ಟ್ರೇಗೆ ತಾಗಿದ ಕಲೆ ಎಲ್ಲರಿಗೂ ಆಗುವುದೇ. ನೇತುಹಾಕಲಾಗದ ಗುಂಡುಗಳನ್ನು ಹಲಗೆಯಂಥ ತಗಡಿಗೆ ಚುಚ್ಚಿದ ಮೊಳೆಗಳ ಮೇಲೆ ತೂತಿನಿಂದ ಕೂರಿಸಿ. ತಾಗುವ ಜಾಗ ತೂತಿನ ಒಳಗೇ ಅಡಗುತ್ತದೆ, ಅರ್ಥ್ ಕೂಡ ಸಿಗುತ್ತದೆ.

ಗುಳ್ಳೆ ಎದ್ದದ್ದಕ್ಕೆ ಮೇಲೆ ಇನ್ನೊಂದು ಪದರ ಹೊಡೆದು ಮುಚ್ಚುವುದು ವ್ಯರ್ಥ, ಅದೂ ಉಬ್ಬುತ್ತದೆ. ಪದರ ತೆಗೆದು, ಬರಿ ಎರಕವನ್ನು ಬೇಯಿಸುವ ತಾಪಕ್ಕಿಂತ 10ರಿಂದ 20 ಡಿಗ್ರಿ ಮೇಲೆ ಕಾಲು ಗಂಟೆ ಕಾಯಿಸಿ ಒಳಗಿನ ಗಾಳಿ ಹೊರಬಿಡಿ, ತಣಿಸಿ, ಆಮೇಲೆ ಪುಡಿ ಹೊಡೆಯಿರಿ. ಅಲ್ಯೂಮಿನಿಯಂ ಎರಕಕ್ಕೆ ಇದು ಬಹಳ ಬೇಕಾಗುತ್ತದೆ. ಡೈಕಾಸ್ಟ್ ಸತುವಿನಲ್ಲಿ ಹೆಚ್ಚು ಬಿಸಿಗೆ ಲೋಹದ ಚರ್ಮವೇ ಉಬ್ಬಬಹುದು. ಒಂದರಲ್ಲಿ ನೋಡಿಕೊಂಡು ಮುಂದುವರಿಯಿರಿ.

ಮೀನುಗಣ್ಣಿನ ಕುಳಿಗೆ ಹೆಚ್ಚಿನ ಸಲ ಕಾರಣ ನಮ್ಮ ಕೈಯೇ. ಅಚ್ಚಿಗೆ ಸಿಂಪಡಿಸಿದ ಸಿಲಿಕೋನ್ ಸ್ಪ್ರೇ ಇನ್ನೊಂದು. ಅಚ್ಚಿನಿಂದ ತೆಗೆದ ಗುಂಡನ್ನು ಬರಿಗೈಯಲ್ಲಿ ಮುಟ್ಟದೆ, ಅಸಿಟೋನಿನಲ್ಲಿ ಒರೆಸಿ, ಪೂರ್ತಿ ಆರಿದ ಮೇಲಷ್ಟೇ ಗನ್ನಿನ ಹತ್ತಿರ ತನ್ನಿ. ಅಸಿಟೋನ್ ಆವಿಗೆ ಕಿಡಿ ಸಾಕು. ಸ್ವಚ್ಛವಾಗಿದೆಯೇ ಎಂದು ತಿಳಿಯಲು ಒಂದಕ್ಕೆ ನೀರು ಹನಿಸಿ: ನೀರು ಹಾಳೆಯಂತೆ ಹರಡಿದರೆ ಸರಿ, ಕೆಸುವಿನೆಲೆಯ ಮೇಲಿನ ಹಾಗೆ ಮುತ್ತುಗಟ್ಟಿದರೆ ಜಿಡ್ಡು ಇದೆ.

ಪದರ ತೆಗೆಯಲು ಬೆಂಜೈಲ್ ಆಲ್ಕೋಹಾಲ್ ಇರುವ ಸ್ಟ್ರಿಪ್ಪರ್ ನಿಧಾನ, ಆದರೆ ಮನುಷ್ಯರು ಬಳಸುವಂಥದ್ದು. ಮೆಥಿಲೀನ್ ಕ್ಲೋರೈಡ್ ಇರುವುದು ಬೇಗ ತೆಗೆಯುತ್ತದೆ, ಅದರ ಆವಿ ಜೀವ ತೆಗೆದ ಪ್ರಕರಣಗಳಿವೆ. ನನ್ನ ಕಪಾಟಿನಲ್ಲಿ ಅದಕ್ಕೆ ಜಾಗವಿಲ್ಲ. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ, ಸತುಗಳನ್ನೇ ತಿಂದುಹಾಕುತ್ತದೆ. ಬಣ್ಣ ಹಚ್ಚಿದ ಸೀಸದ ಗುಂಡನ್ನು ಹಾಗೇ ಕರಗಿಸುವ ಪಾತ್ರೆಗೆ ಎಸೆಯುವವರೂ ಇದ್ದಾರೆ. ಸುಟ್ಟ ಬಣ್ಣದ ಹೊಗೆ, ಸೀಸದ ಪಾತ್ರೆ, ಎರಡೂ ಒಟ್ಟಿಗೆ ಮುಚ್ಚಿದ ಕೋಣೆಯಲ್ಲಿ ಖಂಡಿತ ಬೇಡ.

ಕೊನೆಯ ಪರೀಕ್ಷೆ

ಪ್ರತಿ ಟ್ರೇಯಿಂದ ಒಂದು ಗುಂಡನ್ನು ಬಲಿಕೊಡಿ. ತಣ್ಣಗಾದ ಮೇಲೆ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಚಪ್ಪಟೆಯಾಗುವಂತೆ ಹೊಡೆಯಿರಿ. ಸೀಸ ಹರಡಿಕೊಂಡಂತೆ ಬಣ್ಣವೂ ಹರಡಿ ಅಂಟಿಕೊಂಡಿರಬೇಕು. ಚಕ್ಕೆಚಕ್ಕೆಯಾಗಿ ಹಾರಿದರೆ ಜಿಡ್ಡು ಉಳಿದಿತ್ತು ಅಥವಾ ಬೇಯಲಿಲ್ಲ. ಎರಡರಲ್ಲಿ ಯಾವುದೆಂದು ತಿಳಿಯಲು ಇನ್ನೊಂದು ಗುಂಡಿನ ಮೇಲೆ ಅಸಿಟೋನಿನಲ್ಲಿ ನೆನೆಸಿದ ಬಿಳಿ ಬಟ್ಟೆಯಿಂದ ಹತ್ತಿಪ್ಪತ್ತು ಸಲ ಉಜ್ಜಿ. ಬಟ್ಟೆಗೆ ಬಣ್ಣ ಧಾರಾಳವಾಗಿ ಬಂದು ಗುಂಡು ಜಿಗುಟಾದರೆ ಬೆಂದಿಲ್ಲ. ಇಡೀ ಟ್ರೇಯನ್ನು ಇನ್ನೊಮ್ಮೆ ಒಳಗಿಟ್ಟು, ಥರ್ಮೋಕಪಲ್ ತಾಪ ಮುಟ್ಟಿದ ಮೇಲೆ ಹತ್ತು ನಿಮಿಷ ಎಣಿಸಿ. ಬಟ್ಟೆಗೆ ಬರೀ ನಸುಛಾಯೆ ಬಂದು ಮೈ ಗಟ್ಟಿಯಾಗಿಯೇ ಇದ್ದರೆ ಬೆಂದಿದೆ, ತಪ್ಪು ಒರೆಸಿದ್ದರಲ್ಲಿದೆ. ಆ ಟ್ರೇ ಸ್ಟ್ರಿಪ್ಪರಿಗೆ ಹೋಗಲಿ, ಮುಂದಿನದಕ್ಕೆ ಹೊಸ ಬಟ್ಟೆ ತೆಗೆದುಕೊಳ್ಳಿ.